ಹಳೆಯ ಕಾರಿನಲ್ಲಿ ಇ20 ಪೆಟ್ರೋಲ್: ಒಂದು ವರ್ಷದ ಲೆಕ್ಕ

ನನ್ನದು 2013ರ ಮಾದರಿಯ ಪೆಟ್ರೋಲ್ ಕಾರು. ವಾರಕ್ಕೊಮ್ಮೆ ಬೆಂಗಳೂರಿನಿಂದ ಮಂಡ್ಯಕ್ಕೆ ಹೋಗಿಬರುವ ನಾನು ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್ ಹಾಕಿಸಿ, ಓಡಿದ ಕಿಲೋಮೀಟರನ್ನೂ ಹಿಡಿಸಿದ ಲೀಟರನ್ನೂ ಡೈರಿಯಲ್ಲಿ ಬರೆದಿಡುವ ರೂಢಿಯನ್ನು ಕಾರು ಕೊಂಡ ದಿನದಿಂದಲೂ ಬಿಟ್ಟಿಲ್ಲ. ಹೆದ್ದಾರಿಯಲ್ಲಿ ಲೀಟರಿಗೆ ಹದಿನೇಳೂವರೆ ಕಿಲೋಮೀಟರ್ ಕೊಡುತ್ತಿದ್ದ ಕಾರು, ಶೇ 20ರಷ್ಟು ಎಥೆನಾಲ್ ಎಂಬ ಮದ್ಯಸಾರ ಬೆರೆತ ಇ20 ಪೆಟ್ರೋಲ್ ಹಾಕಿಸುತ್ತಿರುವ ಈಗ ಹದಿನಾರೂಕಾಲರ ಆಸುಪಾಸಿನಲ್ಲಿದೆ. ಟೈರಿನ ಗಾಳಿ, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಎಲ್ಲವನ್ನೂ ಸರಿಪಡಿಸಿ ನೋಡಿದ ಮೇಲೂ ಆ ಅಂಕಿ ಮೇಲೇಳಲಿಲ್ಲ.

ಇದಕ್ಕೆ ಕಾರಣ ಸರಳವಾದದ್ದು. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಅಷ್ಟೇ ಪೆಟ್ರೋಲ್‌ನಲ್ಲಿರುವುದಕ್ಕಿಂತ ಸುಮಾರು ಮೂರನೆಯ ಒಂದರಷ್ಟು ಕಡಿಮೆ. ಅದನ್ನು ಶೇ 20ರಷ್ಟು ಬೆರೆಸಿದಾಗ ಒಟ್ಟು ಶಕ್ತಿ ಶೇ 6ರಿಂದ 7ರಷ್ಟು ಇಳಿಯುತ್ತದೆ. ಶುದ್ಧ ಪೆಟ್ರೋಲ್‌ಗೆ ರೂಪಿಸಿ ಇ10ಕ್ಕೆ (ಶೇ 10ರಷ್ಟು ಎಥೆನಾಲ್ ಇರುವ ಪೆಟ್ರೋಲ್‌ಗೆ) ಹೊಂದಿಸಿದ ಕಾರುಗಳ ಮೈಲೇಜ್ ಇ20ರಲ್ಲಿ ಇಷ್ಟೇ ಕುಸಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಇ10ಕ್ಕೆ ರೂಪಿಸಿ ಇ20ಕ್ಕೆ ಹೊಂದಿಸಿದ ಕಾರುಗಳಲ್ಲಿ ಈ ನಷ್ಟ ಶೇ 1ರಿಂದ 2ರಷ್ಟು ಮಾತ್ರ. ಆದ್ದರಿಂದ ಇದು ಒಳ್ಳೆಯ ಇಂಧನವೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಕಾರು ಯಾವ ವರ್ಷದ್ದು ಎಂದು ಕೇಳಬೇಕಾಗುತ್ತದೆ.

ಗುಣವನ್ನೂ ಹೇಳಲೇಬೇಕು. ಎಥೆನಾಲ್‌ನಿಂದ ಆಕ್ಟೇನ್ ಪ್ರಮಾಣ, ಅಂದರೆ ಇಂಧನ ಅಕಾಲದಲ್ಲಿ ಹೊತ್ತಿಕೊಂಡು ಎಂಜಿನ್ ಬಡಿದುಕೊಳ್ಳುವುದನ್ನು ತಡೆಯುವ ಗುಣ, ಹೆಚ್ಚುತ್ತದೆ. ನಾಲ್ವರನ್ನು ಕೂರಿಸಿಕೊಂಡು ಮೇಲುಕೋಟೆಯ ಏರನ್ನು ಹತ್ತುವಾಗ ಎರಡನೆಯ ಗೇರಿನಲ್ಲಿ ಎಂಜಿನ್‌ನಿಂದ ಕೇಳಿಬರುತ್ತಿದ್ದ ಟಕಟಕ ಸದ್ದು ಈಗ ನಿಂತಿದೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಕೂಡ ಕಡಿಮೆಯಾಗುತ್ತದೆ. ಇದಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದ ವಿಷಯವೆಂದರೆ, ಕಾಕಂಬಿ, ಕಬ್ಬಿನ ಹಾಲು, ಮೆಕ್ಕೆಜೋಳಗಳಿಂದ ತಯಾರಾಗುವ ಈ ಇಂಧನದ ಹಣ ವಿದೇಶಿ ಕಚ್ಚಾತೈಲಕ್ಕೆ ಹೋಗುವ ಬದಲು ಕಬ್ಬು ಬೆಳೆಯುವ ನಮ್ಮ ಊರುಗಳ ಕಡೆಗೆ ಹರಿಯುವ ಸಾಧ್ಯತೆ. ಕಾರ್ಖಾನೆಯಿಂದ ಬಾಕಿ ಬರುವುದನ್ನು ತಿಂಗಳುಗಟ್ಟಲೆ ಕಾದ ಕುಟುಂಬದಲ್ಲಿ ಬೆಳೆದ ನನಗೆ ಅದು ಸಣ್ಣ ಮಾತಲ್ಲ.

ಆದರೆ ಕಳೆದ ಮಳೆಗಾಲದ ಒಂದು ಪ್ರಸಂಗ ನನ್ನನ್ನು ಎಚ್ಚರಿಸಿತು. ಮೂರು ವಾರ ಅರೆ ಟ್ಯಾಂಕಿನಲ್ಲಿ ನಿಂತಿದ್ದ ಕಾರನ್ನು ಹೊರತೆಗೆದಾಗ ಸ್ಟಾರ್ಟ್ ಆಗಲು ಸತಾಯಿಸಿತು. ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಮೆಕ್ಯಾನಿಕ್ ಇಂಧನದ ರಬ್ಬರ್ ಪೈಪನ್ನು ಬಿಚ್ಚಿ ಬೆರಳುಗಳ ನಡುವೆ ಬಾಗಿಸಿದಾಗ, ಉಬ್ಬಿ ಮೆತ್ತಗಾಗಿದ್ದ ಅದರ ಮೈಮೇಲೆ ಕೂದಲೆಳೆಯಂಥ ಬಿರುಕುಗಳು ಬಾಯ್ತೆರೆದವು. ಹನ್ನೆರಡು ವರ್ಷದ ಪೈಪಿಗೆ ವಯಸ್ಸೂ ಆಗಿತ್ತು, ಎಲ್ಲವನ್ನೂ ಎಥೆನಾಲ್ ತಲೆಗೆ ಕಟ್ಟಬೇಡಿ ಎಂದು ಅವರೇ ಹೇಳಿದರು. ಅದು ನ್ಯಾಯವಾದ ಮಾತು. ಆದರೂ ಎಥೆನಾಲ್ ಹಳೆಯ ಬಗೆಯ ರಬ್ಬರನ್ನು ಕೆಡಿಸುತ್ತದೆ ಎಂಬುದೂ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ ಎಂಬುದೂ ನಿಜವೇ. ನೀರಿನ ಅಂಶ ಮಿತಿಮೀರಿದರೆ ಎಥೆನಾಲ್ ಮತ್ತು ನೀರು ಪೆಟ್ರೋಲ್‌ನಿಂದ ಬೇರ್ಪಟ್ಟು, ಪಂಪ್ ಇಂಧನವನ್ನು ಎಳೆದುಕೊಳ್ಳುವ ಟ್ಯಾಂಕಿನ ತಳಕ್ಕೇ ಇಳಿಯುತ್ತವೆ. ಅಂದಿನಿಂದ ಕಾರನ್ನು ನಿಲ್ಲಿಸಿ ಊರಿಗೆ ಹೋಗುವಾಗಲೆಲ್ಲ, ಒಳಗೆ ತೇವದ ಗಾಳಿಗೆ ಜಾಗ ಉಳಿಯದಂತೆ ಟ್ಯಾಂಕ್ ತುಂಬಿಸಿಯೇ ಹೋಗುತ್ತೇನೆ. ಪೈಪುಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಎಥೆನಾಲ್ ತಾಳುವಂಥವುಗಳಿಗೆ ಬದಲಾಯಿಸಿದ್ದೇನೆ.

ನನ್ನ ನಿಜವಾದ ಅಸಮಾಧಾನ ಇರುವುದು ಬೆಲೆಯ ಬಗ್ಗೆ ಮತ್ತು ಆಯ್ಕೆಯ ಬಗ್ಗೆ. ತಿಂಗಳಿಗೆ ಅರವತ್ತು ಲೀಟರ್ ಬಳಸುವವನಿಗೆ ನಾಲ್ಕು ಲೀಟರ್ ಹೆಚ್ಚು ಬೇಕಾಗುತ್ತದೆ. ಲೀಟರಿಗೆ ನೂರು ರೂಪಾಯಿ ದಾಟಿರುವಾಗ ಅದು ವರ್ಷಕ್ಕೆ ಐದು ಸಾವಿರದ ಹೊರೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಇ20 ಮಾರಾಟಕ್ಕೆ ಚಾಲನೆ ಸಿಕ್ಕಾಗ ಅದು ಕೆಲವೇ ಬಂಕುಗಳಲ್ಲಿ ಸಿಗುತ್ತಿತ್ತು, ಬೇಕಾದವರು ಹಾಕಿಸಿಕೊಳ್ಳುತ್ತಿದ್ದರು. ಈಗ ನಾನು ಹೋಗುವ ದಾರಿಯ ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲ್ ಎಂದರೆ ಇ20ಯೇ. 2023ರ ಏಪ್ರಿಲ್ ನಂತರ ತಯಾರಾದ ಕಾರು ಇದ್ದವರು ನಿಶ್ಚಿಂತೆಯಿಂದ ಹಾಕಿಸಿಕೊಳ್ಳಬಹುದು. ನನ್ನಂಥ ಹಳೆಯ ಕಾರಿನವರಿಗಾಗಿ ಪ್ರತಿ ಬಂಕಿನಲ್ಲಿ ಇ10ರ ಒಂದು ನಾಝಲ್ ಆದರೂ ಉಳಿಯಬೇಕಿತ್ತು, ಇಲ್ಲವೇ ಕುಸಿದ ಮೈಲೇಜಿಗೆ ತಕ್ಕಂತೆ ಇ20ರ ದರವನ್ನು ಲೀಟರಿಗೆ ಆರೇಳು ರೂಪಾಯಿಯಷ್ಟು ಇಳಿಸಬೇಕಿತ್ತು.