ಕರಾವಳಿಯ ಸೆಕೆಗೆ 200 ಮಿ.ಗ್ರಾಂ. ಕೆಫೀನ್ ಮಾತ್ರೆ: ಅರ್ಧವೇ ಸಾಕು

ಓಟಕ್ಕೆ ಮೊದಲು ಹುರುಪಿಗೆಂದು ನುಂಗುವ ಈ ಮಾತ್ರೆ ಒಂದರಲ್ಲಿ 200 ಮಿ.ಗ್ರಾಂ. ಕೆಫೀನ್, ಹೆಚ್ಚುಕಮ್ಮಿ ಎರಡು ಲೋಟ ಗಟ್ಟಿ ಕಾಫಿಯಷ್ಟು. ಫಿಲ್ಟರ್ ಕಾಫಿಯಲ್ಲಿ ಡಿಕಾಕ್ಷನ್ ತೆಳುವಾದರೆ, ಚಿಕೋರಿ ಜಾಸ್ತಿಯಾದರೆ ಲೆಕ್ಕ ತಪ್ಪುತ್ತದೆ. ಮಾತ್ರೆಯಲ್ಲಿ ಆ ತಲೆಬಿಸಿಯಿಲ್ಲ. ಇದರ ದೊಡ್ಡ ಗುಣ ಇಷ್ಟೇ.

ವ್ಯಾಯಾಮಕ್ಕೆ ಹೇಳುವ ಪ್ರಮಾಣ ದೇಹತೂಕದ ಕಿಲೋಗೆ 3ರಿಂದ 6 ಮಿ.ಗ್ರಾಂ.; ಕೆಲವರಿಗೆ 2 ಕೂಡ ಸಾಕು. 60 ಕಿಲೋದವರಿಗೆ ಒಂದು ಮಾತ್ರೆ ಅಂದರೆ 3.3, 45 ಕಿಲೋದವರಿಗೆ ಅದೇ ಮಾತ್ರೆ 4.4. ಓಟಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ಸಂಜೆ ಐದಕ್ಕೆ ನುಂಗಿದರೆ ರಾತ್ರಿ ಹತ್ತಕ್ಕೂ ಸುಮಾರು ಅರ್ಧ ರಕ್ತದಲ್ಲೇ ಇರುತ್ತದೆ, ನಿದ್ದೆ ಕೆಟ್ಟಿತೆಂದೇ ಲೆಕ್ಕ. ಖಾಲಿ ಹೊಟ್ಟೆಗೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ.

ಮೈಯ ನೀರೆಲ್ಲ ಮೂತ್ರವಾಗಿ ಹೋದೀತು ಎಂಬ ಹೆದರಿಕೆ ಬೇಡ. ಅಭ್ಯಾಸವಿಲ್ಲದವರು 250-300 ಮಿ.ಗ್ರಾಂ. ದಾಟಿಸಿ ಸುಮ್ಮನೆ ಕೂತರೆ ಮೂತ್ರ ತುಸು ಹೆಚ್ಚಾಗಬಹುದು. ಓಡುವಾಗ ಅದೂ ಅಷ್ಟಾಗಿ ಕಾಣುವುದಿಲ್ಲ.

ಎಡವಟ್ಟು ಇರುವುದು ಬೇರೆ ಕಡೆ. ಕೆಫೀನ್ ಮೆದುಳಿನಲ್ಲಿ ದಣಿವಿನ ಸುದ್ದಿ ಮುಟ್ಟಿಸುವ ಅಡೆನೊಸಿನ್ ಎಂಬ ವಸ್ತು ಕೂರುವ ಜಾಗ ಹಿಡಿದು ದಣಿವನ್ನು ಮುಚ್ಚಿಡುತ್ತದೆ. ಮೇ ತಿಂಗಳಲ್ಲಿ ಪಣಂಬೂರಿನಲ್ಲೋ ಮಲ್ಪೆಯಲ್ಲೋ ಓಡುವವರ ಬೆವರು ಆರುವುದೇ ಕಷ್ಟ. ಮೊಣಕೈಯಿಂದ ತೊಟ್ಟಿಕ್ಕಿ ಮರಳಿಗೆ ಬೀಳುತ್ತದೆ. ಆರದೆ ಬಿದ್ದ ಬೆವರು ಮೈ ತಣಿಸುವುದಿಲ್ಲ. ಒಳಗೆ ಬಿಸಿ ಏರುತ್ತಿದ್ದರೂ ಕಾಲು ಇನ್ನೂ ಜೋರು ಹೋಗೋಣ ಅನ್ನುತ್ತದೆ. ಈ ಸೆಕೆಗೆ ಅರ್ಧ ಮಾತ್ರೆ ಸಾಕು ಅನ್ನುವುದು ಅದಕ್ಕೇ. ಮಾತ್ರೆ ನುಂಗಿದ ದಿನ ವೇಗವನ್ನು ಗಡಿಯಾರ ನೋಡಿ ಹಿಡಿಯಿರಿ, ಹುರುಪು ನೋಡಿ ಅಲ್ಲ. ತಲೆ ಸುತ್ತಿದರೆ, ಸೆಕೆಯಲ್ಲೂ ಮೈ ಜುಮ್ಮೆಂದು ಚಳಿಯಾದರೆ ಅಲ್ಲೇ ನಿಲ್ಲಿಸಿ ನೆರಳಿಗೆ ಬನ್ನಿ, ತಲೆಗೆ ನೀರು ಹೊಯ್ದುಕೊಳ್ಳಿ.

ನೀರಿನ ಲೆಕ್ಕಕ್ಕೆ ತೂಕದ ಯಂತ್ರವೇ ಸಾಕ್ಷಿ. ಓಟದ ಮೊದಲೊಮ್ಮೆ, ಆಮೇಲೆ ಬೈರಾಸಿನಲ್ಲಿ ಮೈ ಒರಸಿ ಇನ್ನೊಮ್ಮೆ ನಿಲ್ಲಿ. 1 ಕಿಲೋ ಇಳಿದಿದ್ದರೆ ಸುಮಾರು 1 ಲೀಟರ್ ಬೆವರು ಹೋಗಿದೆ. ನಡುವೆ ಕುಡಿದದ್ದನ್ನು ಅದಕ್ಕೆ ಕೂಡಿಸಿ. 60 ಕಿಲೋದವರ ಇಳಿಕೆ 1.2 ಕಿಲೋ, ಅಂದರೆ ತೂಕದ ನೂರಕ್ಕೆ ಎರಡು ಪಾಲು, ದಾಟದಂತೆ ಕುಡಿಯಬೇಕು. ಬೊಂಡ (ಎಳನೀರು) ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ. ಉಪ್ಪು ಹಾಕಿದ ಗಂಜಿ ತೆಳಿ ಅದಕ್ಕಿಂತ ವಾಸಿ, ಖರ್ಚೂ ಇಲ್ಲ.

ಕೊಳ್ಳುವಾಗ ಕ್ಯಾಪ್ಸೂಲ್ ಬೇಡ, ಅದನ್ನು ಅರ್ಧ ಮಾಡಲು ಬರುವುದಿಲ್ಲ. ಆರೋಗ್ಯವಂತ ವಯಸ್ಕರಿಗೆ ದಿನದ ಮಿತಿ ಕಾಫಿ, ಚಾ ಎಲ್ಲ ಸೇರಿ 400 ಮಿ.ಗ್ರಾಂ. ಬಸುರಿಯರು, ಎದೆಬಡಿತದ ತೊಂದರೆ ಅಥವಾ ಬಿ.ಪಿ. ಇರುವವರು ಈ ಡಬ್ಬಿ ಮುಟ್ಟುವುದೇ ಬೇಡ.