ಅಂಗಿ, ಅರ, ಜಾಲರಿ: ಹುಂಜದ ಕಾಲಿನಿಂದ ಹೇಟೆಗಳ ಬೆನ್ನನ್ನು ಉಳಿಸಿಕೊಂಡ ಬಗೆ

ಗೋವಾದ ಫೋಂಡಾದಲ್ಲಿರುವ ನಮ್ಮ ಮನೆಯ ಹಿತ್ತಿಲಲ್ಲಿ ಐದು ನಾಟಿ ಹೇಟೆಗಳೂ, ನಮ್ಮೂರಾದ ಹಳಿಯಾಳದಿಂದ ತಂದ ಒಂದು ಗಿರಿರಾಜ ಹುಂಜವೂ ಇವೆ. ಹುಂಜದಿಂದ ಹೇಟೆಗಳ ಗರಿ ಹಾಳಾಗುವುದನ್ನು ತಡೆಯಲು ಬೆನ್ನಿಗೆ ಬಟ್ಟೆಯ ಅಂಗಿ ತೊಡಿಸುವುದು, ಹುಂಜದ ಉಗುರು ತೇಯುವುದು, ನಡುವೆ ಜಾಲರಿ ಕಟ್ಟಿ ಅದನ್ನು ಬೇರೆ ಇಡುವುದು, ಈ ಮೂರನ್ನೂ ನಾನು ಮಾಡಿ ನೋಡಿದ್ದೇನೆ. ನನ್ನ ಒಲವು ಜಾಲರಿಯ ಕಡೆಗೆ. ಅದನ್ನು ಮೊದಲೇ ಕಟ್ಟಿದ್ದರೆ ನಮ್ಮ ಕೆಂಪಿ ಇಡೀ ಮಳೆಗಾಲವನ್ನು ಬರಿಬೆನ್ನಿನಲ್ಲಿ ಕಳೆಯಬೇಕಾಗಿರಲಿಲ್ಲ.

ಮೇಲೇರುವಾಗ ಹುಂಜವು ಹೇಟೆಯ ಕತ್ತಿನ ಹಿಂಭಾಗದ ಗರಿಗಳನ್ನು ಕೊಕ್ಕಿನಿಂದ ಕಚ್ಚಿ ಹಿಡಿಯುತ್ತದೆ, ಜಾರದಿರಲು ಎರಡೂ ಕಾಲುಗಳಿಂದ ಬೆನ್ನನ್ನು ಒತ್ತಿ ತುಳಿಯುತ್ತದೆ. ನಮ್ಮ ಹುಂಜ 4 ಕಿಲೊ ತೂಗುತ್ತದೆ, ಹೇಟೆಗಳು ಒಂದೂವರೆ ಕಿಲೊ. ಒಂದು ಹುಂಜಕ್ಕೆ 8ರಿಂದ 10 ಹೇಟೆಗಳಿದ್ದರೆ ಈ ಭಾರ ಹಂಚಿಹೋಗುತ್ತದೆ. ನಮ್ಮಲ್ಲಿರುವುದು ಐದೇ, ಅವುಗಳಲ್ಲಿಯೂ ಅದು ಬೆನ್ನುಹತ್ತುವುದು ಕೆಂಪಿ ಮತ್ತು ಬೂದಿ ಎಂಬ ಎರಡನ್ನೇ. ಇನ್ನೈದು ಹೇಟೆಗಳನ್ನು ಸಾಕಲು ಜಾಗವಿಲ್ಲ.

ಮೇ ತಿಂಗಳಲ್ಲಿ ಕೆಂಪಿಯ ಬೆನ್ನು ಬೋಳಾದದ್ದನ್ನು ಕಂಡು ಗಾಬರಿಯಾಗಿ, ಒಂದಕ್ಕೆ 280 ರೂಪಾಯಿಯಂತೆ ಎರಡು ಅಂಗಿಗಳನ್ನು ಆನ್‌ಲೈನ್‌ನಲ್ಲಿ ತರಿಸಿದೆ. ರೆಕ್ಕೆಗಳ ಬುಡಕ್ಕೆ ಒಂದೊಂದು ಎಲಾಸ್ಟಿಕ್ ಕುಣಿಕೆ, ಬೆನ್ನಿನಿಂದ ಬಾಲದ ಬುಡದವರೆಗೆ ಎರಡು ಪದರದ ಬಟ್ಟೆ, ಇಷ್ಟೇ ಅದರ ರಚನೆ. ದೊಡ್ಡ ತಳಿಯ ಅಳತೆಗೆ ಹೊಲಿದದ್ದಾದ್ದರಿಂದ ಅದು ನಮ್ಮ ಹೇಟೆಯ ಮೈಮೇಲೆ ನಿಲ್ಲದೆ ಒಂದು ಪಕ್ಕಕ್ಕೆ ಸರಿದು ಹೊಟ್ಟೆಯ ಕೆಳಗೆ ಜೋತುಬೀಳುತ್ತಿತ್ತು. ಮೊದಲ ದಿನ ಕೆಂಪಿ ಅದರಿಂದ ತಪ್ಪಿಸಿಕೊಳ್ಳುವಂತೆ ಹಿಂದಕ್ಕೇ ನಡೆಯಿತು. ಫೋಂಡಾದಲ್ಲಿ ಅಂಗಡಿ ಇಟ್ಟಿರುವ ಗದಗಿನ ದರ್ಜಿಯೊಬ್ಬರು ಹಳೆಯ ಜೀನ್ಸ್ ಬಟ್ಟೆಯಲ್ಲಿ ಸಣ್ಣ ಅಳತೆಯದನ್ನು ಹೊಲಿದುಕೊಟ್ಟ ಮೇಲೆ ಅದು ಸರಿಯಾಗಿ ಕೂತಿತು, ಹುಂಜದ ಉಗುರು ಬೆನ್ನಿಗೆ ತಾಗುವುದೂ ನಿಂತಿತು.

ಜೂನ್ ಎರಡನೆಯ ವಾರದಿಂದ ಮಳೆ ಹಿಡಿಯಿತು, ನಿಜವಾದ ತೊಡಕು ಶುರುವಾದದ್ದು ಆಗ. ಗೋವಾದ ಮಳೆಯಲ್ಲಿ ನಮ್ಮ ಬಟ್ಟೆಗಳೇ ಮೂರು ದಿನ ಒಣಗುವುದಿಲ್ಲ, ಇನ್ನು ಹೇಟೆಯ ಬೆನ್ನಿನ ಮೇಲಿನ ಜೀನ್ಸ್ ಒಣಗುವುದೆಲ್ಲಿ? ಕೋಳಿ ತನ್ನ ಬಾಲದ ಬುಡದಲ್ಲಿರುವ ಎಣ್ಣೆಗ್ರಂಥಿಯಿಂದ ಕೊಕ್ಕಿಗೆ ಎಣ್ಣೆ ಹಚ್ಚಿಕೊಂಡು ಗರಿಗಳಿಗೆ ಸವರುತ್ತದೆ, ನೀರು ಜಾರಿಹೋಗುವುದು ಅದರಿಂದಲೇ. ಅಂಗಿಯ ಕೆಳಗಿನ ಗರಿಗಳಿಗೆ ಆ ಆರೈಕೆ ಸಿಗುವುದಿಲ್ಲ, ಮಣ್ಣಿನಲ್ಲಿ ಹೊರಳುವ ಸ್ನಾನದ ಪುಡಿಮಣ್ಣೂ ಅಲ್ಲಿಗೆ ತಲುಪುವುದಿಲ್ಲ. ಜುಲೈ ಕೊನೆಯಲ್ಲಿ, ಹುಳಿವಾಸನೆ ಬಂದಿತೆಂದು ಅಂಗಿ ಬಿಚ್ಚಿ ನೋಡಿದಾಗ ಚರ್ಮ ಕೆಂಪಗೆ ಬೆಂದಂತಿತ್ತು, ಉಳಿದಿದ್ದ ಗರಿಗಳ ಬುಡದಲ್ಲಿ ಅಕ್ಕಿನುಚ್ಚು ಅಂಟಿಸಿದಂತೆ ಹೇನಿನ ಸೀರುಗಳ ಗೊಂಚಲುಗಳಿದ್ದವು, ರೆಕ್ಕೆಯ ಬುಡದಲ್ಲಿ ಎಲಾಸ್ಟಿಕ್ ಕೊರೆದ ಗೆರೆಯಿತ್ತು. ವಾರಕ್ಕೆರಡು ಸಲವಾದರೂ ನಾನು ಬಿಚ್ಚಿ ನೋಡಬೇಕಿತ್ತು. ಅಷ್ಟು ದಿನ ಆ ಮೂಕಪ್ರಾಣಿ ಅದನ್ನು ಹೊತ್ತು ತಿರುಗಿದ್ದು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಎರಡು ತಿಂಗಳಾದರೂ ಹೊಸ ಗರಿ ಏಕೆ ಬರಲಿಲ್ಲವೆಂಬುದನ್ನು ಪಶುವೈದ್ಯರು ಕೆಂಪಿಯ ಬೆನ್ನನ್ನು ಬೆಳಕಿಗೆ ಹಿಡಿದು ತೋರಿಸಿದರು. ಗರಿ ಬುಡಸಮೇತ ಕಿತ್ತುಬಂದರೆ ಆ ಜಾಗದಲ್ಲಿ ಕೆಲವೇ ವಾರಗಳಲ್ಲಿ ಹೊಸದು ಹುಟ್ಟುತ್ತದೆ, ಮುರಿದು ಬುಡ ಒಳಗೇ ಉಳಿದರೆ ಮುಂದಿನ ಗರಿ ಉದುರುವ ಕಾಲದವರೆಗೆ ಕಾಯಲೇಬೇಕು. ಆದ್ದರಿಂದ ಬೋಳಾದ ಮೇಲೆ ಮುಚ್ಚುವುದಕ್ಕಿಂತ ಮುರಿಯದಂತೆ ತಡೆಯುವುದೇ ಮುಖ್ಯ.

ಆಗಸ್ಟ್‌ನಲ್ಲಿ ಉಗುರು ತೇಯ್ದೆ. ಕತ್ತಲಾದ ಮೇಲೆ ಕೋಳಿ ಮಂಕಾಗಿರುತ್ತದೆ. ಮನೆಯವರು ಟಾರ್ಚ್ ಹಿಡಿದರು, ನಾನು ಹುಂಜವನ್ನು ಗೋಣಿತಾಟಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಉಗುರಿನ ತುದಿಯನ್ನೂ ಕಾಲಿನ ಹಿಂದಿನ ಮುಳ್ಳಿನ ಮೊನೆಯನ್ನೂ ಅರದಿಂದ ಮೊಂಡು ಮಾಡಿದೆ. ಮುಳ್ಳಿನ ಒಳಗೆ ಎಲುಬೂ ರಕ್ತನಾಳವೂ ಇರುವುದರಿಂದ ತುದಿಯನ್ನಷ್ಟೇ ಮುಟ್ಟಬೇಕು. ಇದರ ಖರ್ಚು ಒಂದು ಅರದ ಬೆಲೆ, 60 ರೂಪಾಯಿ. ಬೂದಿಯ ಪಕ್ಕೆಯಲ್ಲಿದ್ದ ಗೀರುಗಾಯಗಳು ಮತ್ತೆ ಆಗಲಿಲ್ಲ, ಆದರೆ ಕೊಕ್ಕಿನಿಂದ ಕತ್ತಿನ ಗರಿ ಕೀಳುವುದೂ ಭಾರದಿಂದ ಬೆನ್ನಿನ ಗರಿ ಮುರಿಯುವುದೂ ಹಾಗೆಯೇ ಉಳಿದವು. ತಿಂಗಳಿಗೊಮ್ಮೆ ಈ ಕೆಲಸವನ್ನು ಈಗಲೂ ಬಿಟ್ಟಿಲ್ಲ.

ಸೆಪ್ಟೆಂಬರ್‌ನಲ್ಲಿ ಹಲಸಿನ ಮರದಿಂದ ಕಾಂಪೌಂಡ್ ಗೋಡೆಯವರೆಗೆ 6 ಅಡಿ ಎತ್ತರದ ಜಾಲರಿ ಕಟ್ಟಿಸಿದೆ. ಜಾಲರಿಗೆ ಮತ್ತು ಗೂಟಗಳಿಗೆ 1,400 ರೂಪಾಯಿ ಆಯಿತು. ಹುಂಜವು ನಾಲ್ಕು ದಿನ ಜಾಲರಿಯುದ್ದಕ್ಕೂ ಓಡಾಡಿ ಕೂಗಿತು, ಐದನೆಯ ದಿನದಿಂದ ಹೇಟೆಗಳು ಕಣ್ಣೆದುರಿಗಿವೆಯೆಂಬ ಸಮಾಧಾನದಲ್ಲಿ ನೆರಳು ಹುಡುಕಿ ಕೂರತೊಡಗಿತು. ಭಾನುವಾರ ಮಾತ್ರ ಬಿಡುತ್ತೇನೆ. ಹೇಟೆಯ ದೇಹದಲ್ಲಿ ಹುಂಜದ ವೀರ್ಯ ಒಂದು ವಾರಕ್ಕಿಂತ ಹೆಚ್ಚು ದಿನ ಉಳಿಯುವುದರಿಂದ ಮರಿಗಳಿಗೆ ತೊಂದರೆಯಿಲ್ಲ: ಕಾವಿಗಿಟ್ಟ 9 ಮೊಟ್ಟೆಗಳಲ್ಲಿ 7 ಒಡೆದು ಮರಿಯಾದವು. ಮರಿ ಬೇಡವೆನ್ನುವವರಿಗೆ ಹುಂಜದ ಅಗತ್ಯವೇ ಇಲ್ಲ, ಅದಿಲ್ಲದೆಯೂ ಹೇಟೆ ಮೊಟ್ಟೆಯಿಡುತ್ತದೆ.

ದಿನವೂ ಮನೆಯಲ್ಲಿದ್ದು ಬಟ್ಟೆ ಬದಲಿಸಬಲ್ಲವರಿಗೆ, ಅದೂ ಬೇಸಿಗೆಯಲ್ಲಿ, ಅಂಗಿ ಸರಿಹೋದೀತು. ನಾನು ಬೆಳಿಗ್ಗೆ 8ಕ್ಕೆ ವೆರ್ಣಾದ ಕಾರ್ಖಾನೆಗೆ ಹೊರಟರೆ ಮರಳುವುದು ಕತ್ತಲಾದ ಮೇಲೆಯೇ. ನಾನಿಲ್ಲದ ಹೊತ್ತಿನಲ್ಲಿಯೂ ಕೆಲಸ ಮಾಡುವುದು ಜಾಲರಿಯೊಂದೇ.

ಅಕ್ಟೋಬರ್ ಕೊನೆಗೆ ಕೆಂಪಿ ಗರಿ ಉದುರಿಸತೊಡಗಿತು. ಗೂಡು ಗುಡಿಸುವಾಗ ಉದ್ದನೆಯ ಗರಿಗಳ ನಡುವೆ ಕಾಳುಮೆಣಸಿಗಿಂತ ಸ್ವಲ್ಪ ಉದ್ದದ ಮುರಿದ ಬುಡಗಳೂ ಸಿಕ್ಕವು. ಗರಿಯೆಂಬುದು ಬಹುಪಾಲು ಪ್ರೋಟೀನೇ ಆದ್ದರಿಂದ ಆ ದಿನಗಳಲ್ಲಿ ಮೇವಿನೊಂದಿಗೆ ಉಪ್ಪು ತೊಳೆದ ಒಣಮೀನಿನ ಪುಡಿ ಬೆರೆಸಿದೆ. ಬೆನ್ನಿನ ಮೇಲೆ ನೀಲಿ ಛಾಯೆಯ ಎಳೆಗರಿಗಳು ಸಾಲಾಗಿ ಮೂಡಿದವು. ಅವು ಮುರಿದರೆ ರಕ್ತ ಬರುತ್ತದೆ, ಹಾಗಾಗಿ ಅವು ಬಲಿಯುವವರೆಗೆ, ನಾಲ್ಕು ಭಾನುವಾರ, ಹುಂಜವನ್ನು ಈಚೆಗೆ ಬಿಡಲಿಲ್ಲ.