ತಾರಸಿ ಮೇಲೆ ಹಳೇ ಬಾಕ್ಸರ್‌ಗಳ ಸಾಮು: ವರ್ಷ ದಾಟಿದ ಮೇಲೆ ನನ್ನ ವಿಮರ್ಶೆ

ಜಿಮ್‌ಗೆ ದುಡ್ಡು ಕಟ್ಟೋದು ನಿಲ್ಲಿಸಿ ವರ್ಷದ ಮೇಲಾಯ್ತು. ಅದರ ಬದಲು ಕುವೆಂಪುನಗರದ ನಮ್ಮ ಬಾಡಿಗೆ ಮನೆಯಲ್ಲಿ ಹಳೇ ಕಾಲದ ಬಾಕ್ಸರ್‌ಗಳ ಕಸರತ್ತು ಮಾಡುತ್ತಿದ್ದೇನೆ. ಬೆಳಗ್ಗೆ ಓಟ. ಸಂಜೆ ಸ್ಕಿಪಿಂಗ್, ಗಾಳಿಗೆ ಗುದ್ದುವ ಶ್ಯಾಡೋ ಬಾಕ್ಸಿಂಗ್, ಪಂಚಿಂಗ್ ಬ್ಯಾಗ್, ಕೊನೆಗೆ ದಂಡ, ಬಸ್ಕಿ. ಮೆಷಿನ್ ಒಂದೂ ಇಲ್ಲ. ಅಮೆರಿಕದ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ರಾಕಿ ಮಾರ್ಸಿಯಾನೋ ವೃತ್ತಿಯಲ್ಲಿ ಆಡಿದ 49 ಪಂದ್ಯಗಳನ್ನೂ ಗೆದ್ದು, ಅದರಲ್ಲಿ 43 ನಾಕೌಟ್ ಮಾಡಿ, 1956ರಲ್ಲಿ ನಿವೃತ್ತನಾದ. ಹೆವಿವೇಟ್‌ನಲ್ಲಿ ಅವನು ಕುಳ್ಳನೇ. ದಮ್ಮು ಮಾತ್ರ ಎದುರಾಳಿಗಳಿಗಿಂತ ಜಾಸ್ತಿ. ಆ ದಮ್ಮು ಬಂದದ್ದು ಹೆಚ್ಚುಕಡಿಮೆ ಇಂಥದ್ದೇ ಸಾಮಿನಿಂದ. ನಮ್ಮೂರಿನ ಗರಡಿಮನೆ ಪೈಲ್ವಾನರಿಗೆ ಇದನ್ನು ಹೇಳಿದರೆ ‘ಇದರಲ್ಲೇನು ಹೊಸದು’ ಅಂತ ನಕ್ಕಾರು, ಬಿಡಿ.

ಈ ಕ್ರಮದ ಜೀವ ಇರುವುದು ಗಡಿಯಾರದಲ್ಲಿ. 3 ನಿಮಿಷ ಕೆಲಸ, 1 ನಿಮಿಷ ಬಿಡುವು. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳ ಲೆಕ್ಕ ಇದು, ಗಂಡಸರ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಇವತ್ತಿಗೂ ಹಾಗೇ ಇದೆ. ಸ್ಕಿಪಿಂಗ್‌ಗೂ ಇದೇ, ಬ್ಯಾಗ್‌ಗೂ ಇದೇ. ‘ಇಪ್ಪತ್ತು ಸಲ ಮಾಡು’ ಅಂದರೆ ಹೇಗೋ ಎಳೆದು ಮುಗಿಸಿಬಿಡಬಹುದು. ಗಂಟೆ ಹೊಡೆಯುವವರೆಗೂ ನಿಲ್ಲಬೇಡ ಅಂದರೆ ಕಳ್ಳಾಟ ನಡೆಯಲ್ಲ. ಎರಡನೇ ನಿಮಿಷ ದಾಟಿದ ಮೇಲೆ ಭುಜ ಉರಿಯುತ್ತದೆ, ಕೈ ತಾನಾಗಿ ಎದೆಗೆ ಇಳಿಯುತ್ತದೆ. ಅದನ್ನು ಗಲ್ಲದ ಹತ್ತಿರವೇ ಹಿಡಿದಿಡುವುದು ಗುದ್ದುವುದಕ್ಕಿಂತ ಕಷ್ಟ. ಫೋನಿನಲ್ಲಿ ಪುಕ್ಕಟೆ ಸಿಗುವ ರೌಂಡ್ ಟೈಮರ್ ಸಾಕು. ಹಾಗಾಗಿ ಈ ಪದ್ಧತಿಯ ಅತ್ಯುತ್ತಮ ಭಾಗಕ್ಕೆ ಬೆಲೆ ಸೊನ್ನೆ.

ದುಡ್ಡು ಹಾಕುವುದಾದರೆ ಮೊದಲು ಹಗ್ಗಕ್ಕೆ ಹಾಕಿ. ಹಗ್ಗದ ನಡುವೆ ಕಾಲಿಟ್ಟು ನಿಂತರೆ ಹಿಡಿಗಳು ಕಂಕುಳ ತನಕ ಬರಬೇಕು, ಅದೇ ಅಳತೆ. ಸಿಮೆಂಟ್ ತಾರಸಿಯ ಮೇಲೆ ಪ್ಲಾಸ್ಟಿಕ್ ಹಗ್ಗ ನೆಲಕ್ಕೆ ಉಜ್ಜುವ ಜಾಗದಲ್ಲಿ ಬೇಗ ಸವೆದು ಹರಿಯುತ್ತದೆ. ಮಣಿ ಪೋಣಿಸಿದ ಹಗ್ಗ ಬಾಳಿಕೆ ಬಂದಿದೆ. ಎತ್ತರಕ್ಕೆ ನೆಗೆಯೋದು ಬೇಡವೇ ಬೇಡ. ಹಗ್ಗ ದಾಟಿದರಾಯ್ತು. ಕೆಳಗೆ ರಬ್ಬರ್ ಮ್ಯಾಟ್ ಇಲ್ಲದಿದ್ದರೆ ಮೊಣಕಾಲ ಕೆಳಗಿನ ಮುಂಭಾಗದ ಮೂಳೆ ಹಿಡಿದುಕೊಳ್ಳುತ್ತದೆ, ವಾರಗಟ್ಟಲೆ ಬಿಡಲ್ಲ.

ಆಮೇಲೆ ಕೈಪಟ್ಟಿ. ಗ್ಲೌಸ್ ಒಳಗೆ ಸುತ್ತಿಕೊಳ್ಳುವ ನಾಲ್ಕೂವರೆ ಮೀಟರ್ ಉದ್ದದ ಹತ್ತಿ ಪಟ್ಟಿ ಇದು. ಕುಣಿಕೆಗೆ ಹೆಬ್ಬೆರಳು ತೂರಿಸಿ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು ಸುತ್ತು, ಬೆರಳ ಸಂದಿಗಳಲ್ಲಿ ಒಂದೊಂದು ಸಲ ಹಾಯಿಸಿ ಮತ್ತೆ ಮಣಿಕಟ್ಟಿಗೆ ತಂದು ಬಿಗಿಯಬೇಕು. ಬೆರಳು ಅಗಲಿಸಿಕೊಂಡೇ ಸುತ್ತಿ, ಇಲ್ಲದಿದ್ದರೆ ಮುಷ್ಟಿ ಕಟ್ಟಿದಾಗ ರಕ್ತ ಓಡಲ್ಲ. ನಮ್ಮ ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಗಳು ಕೈಗೆ ತೊಡುವುದು ಎದುರಾಳಿಯ ತಲೆಯಿಂದ ರಕ್ತ ತರಿಸುವುದಕ್ಕೆ. ಈ ಪಟ್ಟಿಯ ಕೆಲಸ ಕಟ್ಟಿಕೊಂಡವರ ಕೈ ಉಳಿಸುವುದು. ಕಿರುಬೆರಳ ಬುಡದ ಮೂಳೆ ಗುದ್ದಿನಲ್ಲಿ ಸುಲಭವಾಗಿ ಮುರಿಯುತ್ತದೆ. ಹಾಗಾಗಿ ಏಟು ಬೀಳಬೇಕಾದ್ದು ತೋರುಬೆರಳು, ನಡುಬೆರಳಿನ ಗೆಣ್ಣುಗಳ ಮೇಲೆ.

ಬ್ಯಾಗ್ ವಿಷಯಕ್ಕೆ ಬಂದರೆ ನನ್ನ ತಕರಾರು ಜಾಸ್ತಿ. ಆನ್‌ಲೈನ್‌ನಲ್ಲಿ ತರಿಸಿದ್ದು, ಒಳಗೆ ತುಂಬಿರುವುದು ಬಟ್ಟೆ ಚಿಂದಿ. ಕೆಲವೇ ತಿಂಗಳಲ್ಲಿ ಚಿಂದಿಯೆಲ್ಲ ಕೆಳಗಿಳಿದು ತಳ ಕಲ್ಲಾಯ್ತು, ಮೇಲ್ಭಾಗ ಟೊಳ್ಳು. ಹೊಟ್ಟೆಯ ಮಟ್ಟಕ್ಕೆ ಹೊಡೆದರೆ ಮಣಿಕಟ್ಟು ಜುಂ ಅನ್ನುತ್ತದೆ. ಎಲ್ಲ ಹೊರಗೆ ಸುರಿದು, ಗಂಟು ಬಿಡಿಸಿ, ಪದರ ಪದರವಾಗಿ ತುಳಿದು ತುಂಬಿದ ಮೇಲೆ ಸರಿಹೋಯಿತು. ಬೀದಿ ಕೊನೆಯ ಟೈಲರ್ ಅಣ್ಣ ಇನ್ನೊಂದು ಚೀಲ ಚಿಂದಿ ಸುಮ್ನೆ ಕೊಟ್ಟರು. ತೊಟ್ಟಿಲ ಕೊಂಡಿಗೆ ಮಾತ್ರ ಬ್ಯಾಗ್ ನೇತುಹಾಕಬೇಡಿ. ತೂಕ ತಡೆದೀತು, ಜಗ್ಗಾಟ ತಡೆಯಲ್ಲ. ನಾನು ತಾರಸಿಯ ಶೀಟಿನ ಕೆಳಗೆ ಕಬ್ಬಿಣದ ತೊಲೆಗೆ ಕಟ್ಟಿಸಿದೆ. ಆದರೂ ಸದ್ದು ಕೆಳಗಿಳಿಯುತ್ತದೆ. ‘ಏನಮ್ಮಾ, ಒನಕೆ ಹಿಡಿದು ಭತ್ತ ಕುಟ್ತೀಯಾ?’ ಅಂತ ಓನರ್ ಆಂಟಿ ಕೇಳಿದರು. ಅವರ ಧಾರಾವಾಹಿ ಶುರುವಾಗುವ ಮುಂಚೆ ಮುಗಿಸುತ್ತೇನೆ ಅನ್ನುವ ಒಪ್ಪಂದದ ಮೇಲೆ ನಡೆದಿದೆ.

ಓಟಕ್ಕೆ ಮೈಸೂರು ಹೇಳಿ ಮಾಡಿಸಿದ ಊರು. ಮಾಮೂಲಿ ದಿನ ಕುಕ್ಕರಹಳ್ಳಿ ಕೆರೆ ಏರಿ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಎಲ್ಲ ಸೇರಿ ಸುಮಾರು 1000, ನಂದಿ ಸಿಗುವುದು 700ರ ಆಸುಪಾಸಿನಲ್ಲಿ. ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವವರಿಗೆ ದಾರಿ ಬಿಟ್ಟುಕೊಂಡು ಹೋದರೆ ಬಿಡುವಿನ ನಿಮಿಷವೂ ತಾನಾಗಿ ಸಿಗುತ್ತದೆ.

ಹಳಬರು ಮಾಡಿದ್ದೆಲ್ಲ ನಕಲು ಮಾಡಬೇಕಿಲ್ಲ. ಹಸಿ ಮೊಟ್ಟೆ ಬೇಡ, ಬೇಯಿಸಿದ್ದರ ಪ್ರೋಟೀನೇ ಮೈಗೆ ಚೆನ್ನಾಗಿ ಹತ್ತುತ್ತದೆ. ನನಗೆ ಮುದ್ದೆ, ಹುರುಳಿಕಾಳು ಬಸ್ಸಾರು ಸಾಕಾಗಿದೆ. ತೂಕ ಇಳಿಸಲು ಪ್ಲಾಸ್ಟಿಕ್ ಜಾಕೆಟ್ ಹಾಕಿ ಬೆವರುವುದು ಶುದ್ಧ ಹುಚ್ಚು. ಹೋಗುವುದು ನೀರು, ಕೊಬ್ಬಲ್ಲ. ತಲೆಯನ್ನು ನೆಲಕ್ಕೂರಿ ಕತ್ತು ಬಾಗಿಸುವ ಕಸರತ್ತನ್ನೂ ಕಲಿಸುವವರಿಲ್ಲದೆ ಮಾಡಬೇಡಿ.

ಫಲ ಏನು? ಮೂರು ಮಹಡಿ ಹತ್ತಿದರೂ ಏದುಸಿರಿಲ್ಲ, ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಬಗ್ಗಿದ್ದ ಬೆನ್ನು ನೆಟ್ಟಗಾಗಿದೆ. ತೂಕ ಅಷ್ಟೇನೂ ಇಳಿದಿಲ್ಲ. ಬಾಕ್ಸಿಂಗ್ ಬಂತಾ ಅಂದರೆ, ಇಲ್ಲ. ಬ್ಯಾಗ್ ತಿರುಗಿ ಹೊಡೆಯಲ್ಲ ಅಲ್ವಾ? ತಪ್ಪಿಸಿಕೊಳ್ಳುವುದು, ದೂರ ಅಳೆಯುವುದು ಇದೆಲ್ಲ ಕೋಚ್ ಮುಂದೆ, ಎದುರಿಗೊಬ್ಬರು ನಿಂತಾಗಲೇ ಬರುವ ವಿದ್ಯೆ. ಟೈಮರ್‌ಗೆ 5ಕ್ಕೆ 5, ಹಗ್ಗಕ್ಕೆ ನಾಲ್ಕೂವರೆ, ಬ್ಯಾಗ್‌ಗೆ ಮೂರು. ಗ್ಲೌಸ್‌ಗೆ ಎರಡೇ. ಜುಲೈ ಜಡಿಮಳೆಯಲ್ಲಿ ಒಳಗೆ ಹಳೇ ಪೇಪರ್ ತುರುಕಿ ಫ್ಯಾನ್ ಕೆಳಗಿಟ್ಟರೂ ಅದರ ನಾತ ಹೋಗಲ್ಲ.